ನ್ಯಾನೋಕಣಗಳು ಯಕೃತ್ತಿಗೇ ಏಕೆ ಹೋಗುತ್ತವೆ? ಸ್ನಾಯುಗಳಿಗೆ ಕಳುಹಿಸಲು ಏನು ಅಡ್ಡಿ?

ಉಪನ್ಯಾಸಕಿ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುತ್ತೇನೆ. ಒಂಬತ್ತು ವರ್ಷದ ನನ್ನ ತಂಗಿಯ ಮಗನಿಗೆ ಡುಶೆನ್ ಸ್ನಾಯುಕ್ಷಯವಿದೆ. ನೆಲದಿಂದ ಏಳುವಾಗ ಕೈಗಳನ್ನು ಮೊದಲು ಮೊಣಕಾಲಿಗೆ, ಆಮೇಲೆ ತೊಡೆಗೆ ಊರಿ, ತನ್ನ ಮೈಯನ್ನು ತಾನೇ ಹತ್ತುವವನಂತೆ ನಿಲ್ಲುತ್ತಾನೆ. 2025ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ರಕ್ತದಲ್ಲಿ ಅಮೋನಿಯಾ ಏರುವ ಅಪರೂಪದ ಆನುವಂಶಿಕ ಕಾಯಿಲೆಯ ಕೂಸೊಂದಕ್ಕೆ, ಅದರ ಜೀನಿನ ದೋಷವನ್ನೇ ತಿದ್ದುವ ಔಷಧವನ್ನು ಕೊಬ್ಬಿನ ನ್ಯಾನೋಕಣಗಳಲ್ಲಿ ತುಂಬಿ ಕೊಟ್ಟರೆಂದು ಓದಿದೆ. ಅದೇ ಕಣಗಳಲ್ಲಿ, ಈ ಹುಡುಗನಲ್ಲಿ ಕೆಟ್ಟಿರುವ ಡಿಸ್ಟ್ರೊಫಿನ್ ಎಂಬ ಸ್ನಾಯುರಕ್ಷಕ ಪ್ರೋಟೀನಿನ ಜೀನನ್ನು ತುಂಬಿ ಕೊಡಬಾರದೇಕೆ? ತಂಗಿಗೆ ಸುಳ್ಳು ಆಸೆ ಹುಟ್ಟಿಸಲಾರೆ. ಕಾರಣವನ್ನು ನಾನೇ ಸರಿಯಾಗಿ ತಿಳಿದುಕೊಂಡು ಹೇಳಬೇಕೆಂದಿದ್ದೇನೆ.

ಔಷಧ ಪ್ರಯೋಗಾಲಯದವನು, ಬೆಂಗಳೂರು:

ಮೇಡಂ, ತುಂಬುವುದಕ್ಕಿಂತ ತಲುಪಿಸುವುದೇ ದೊಡ್ಡ ತೊಡಕು. ನಾವು ಕೊಲೆಸ್ಟರಾಲ್ ಸೇರಿದಂತೆ ನಾಲ್ಕು ಬಗೆಯ ಕೊಬ್ಬಿನ ವಸ್ತುಗಳನ್ನು, ಅಂದರೆ ಲಿಪಿಡ್‌ಗಳನ್ನು ಎಥನಾಲಿನಲ್ಲಿ ಕರಗಿಸಿ, ಆಮ್ಲೀಯ ದ್ರಾವಣದಲ್ಲಿರುವ ಆರ್‌ಎನ್‌ಎಯೊಂದಿಗೆ ಸಣ್ಣ ಕಾಲುವೆಯೊಂದರಲ್ಲಿ ರಭಸದಿಂದ ಕೂಡಿಸುತ್ತೇವೆ. ತಿಳಿಯಾಗಿದ್ದ ಎರಡೂ ದ್ರವಗಳು, ಹೊರಬರುವಾಗ ನೀರು ಹೆಚ್ಚಾದ ಹಾಲಿನಂತೆ, ತುಸು ನೀಲಿ ಛಾಯೆಯಲ್ಲಿ ಕಾಣುತ್ತವೆ. ಆ ನೀಲಿಯನ್ನು ಕಂಡರೆ ಯಂತ್ರ ಅಳೆಯುವ ಮೊದಲೇ ನಮಗೆ ಸಮಾಧಾನ. ಕಣಗಳ ಗಾತ್ರ 100 ನ್ಯಾನೋಮೀಟರ್ ಆಸುಪಾಸು. ಇಲ್ಲಿಯವರೆಗೆ ಎಲ್ಲವೂ ನಮ್ಮ ಕೈಯಲ್ಲಿದೆ.

ರಕ್ತಕ್ಕೆ ಇಳಿದ ಮೇಲೆ ವಿಳಾಸ ಬರೆಯುವವರು ನಾವಲ್ಲ. ಅಪೊಲಿಪೊಪ್ರೋಟೀನ್-ಇ ಎಂಬ ರಕ್ತದ ಪ್ರೋಟೀನ್ ಕಣಗಳಿಗೆ ಮೆತ್ತಿಕೊಳ್ಳುತ್ತದೆ. ಯಕೃತ್ತಿನ ಕೋಶಗಳು ಅದನ್ನು ಮಾಮೂಲಿ ಕೊಬ್ಬಿನ ಸರಕೆಂದೇ ಬಗೆದು ಒಳಗೆಳೆದುಕೊಳ್ಳುತ್ತವೆ. ಸಾಲದ್ದಕ್ಕೆ ಯಕೃತ್ತಿನ ಸೂಕ್ಷ್ಮ ರಕ್ತನಾಳಗಳ ಗೋಡೆಯಲ್ಲಿ ರಂಧ್ರಗಳಿವೆ, ಸ್ನಾಯುವಿನವುಗಳಲ್ಲಿ ಇಲ್ಲ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಟಿಸಿರಾನ್ ಎಂಬ, ಇಂಥವೇ ಕಣಗಳಲ್ಲಿ ಕೊಡುವ ಔಷಧ ಯಶಸ್ವಿಯಾದದ್ದು ಅದು ತಡೆಯಬೇಕಿದ್ದ ಪ್ರೋಟೀನ್ ಮುಖ್ಯವಾಗಿ ಯಕೃತ್ತಿನಲ್ಲಿಯೇ ತಯಾರಾಗುವುದರಿಂದ. ಫಿಲಡೆಲ್ಫಿಯಾದ ಕೂಸಿನ ದೋಷವೂ ಅಲ್ಲಿಯದೇ.

ಮಕ್ಕಳ ನರರೋಗ ವೈದ್ಯ, ಹುಬ್ಬಳ್ಳಿ:

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಸ್ನಾಯುವನ್ನು ತಲುಪುವ ವಾಹಕ ಈಗಾಗಲೇ ಇದೆ, ಅದು ಎಎವಿ ಎಂಬ ವೈರಸ್. ಆದರೆ ಅದರಲ್ಲಿ ಹಿಡಿಯುವುದು ಡಿಎನ್‌ಎಯ ಸುಮಾರು 4,700 ಅಕ್ಷರಗಳು ಮಾತ್ರ. ಡಿಸ್ಟ್ರೊಫಿನ್ ಪ್ರೋಟೀನಿನ ಸಂಕೇತವೇ 11,000 ಅಕ್ಷರಗಳಷ್ಟು ಉದ್ದವಾಗಿರುವುದರಿಂದ, ಅದನ್ನು ಮೊಟಕುಗೊಳಿಸಿದ ಕಿರು ಡಿಸ್ಟ್ರೊಫಿನ್ ಅನ್ನು ಕಳುಹಿಸುತ್ತಾರೆ. ಅಂಥ ಚಿಕಿತ್ಸೆಯೊಂದಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಪಡೆದವರಲ್ಲಿ, ನಡೆಯಲಾಗದ ಹಂತ ತಲುಪಿದ್ದ ಇಬ್ಬರು ಹುಡುಗರು 2025ರಲ್ಲಿ ಯಕೃತ್ತಿನ ವೈಫಲ್ಯದಿಂದ ತೀರಿಕೊಂಡರು. ವೈರಸ್ಸನ್ನು ಒಮ್ಮೆ ಕೊಟ್ಟರೆ ಪ್ರತಿಕಾಯಗಳು ಹುಟ್ಟಿಕೊಂಡು ಎರಡನೆಯ ಸಲಕ್ಕೆ ದಾರಿ ಮುಚ್ಚುತ್ತದೆ. ನ್ಯಾನೋಕಣಗಳ ಹೆಚ್ಚುಗಾರಿಕೆ ಇಲ್ಲಿಯೇ: ಆ ಕೂಸಿಗೆ ಮೂರು ಬಾರಿ ಕೊಡಲು ಸಾಧ್ಯವಾಯಿತು.

ಉಪನ್ಯಾಸಕಿ, ಶಿವಮೊಗ್ಗ:

ಇಬ್ಬರಿಗೂ ಧನ್ಯವಾದಗಳು. ಆದರೂ ನನ್ನ ವಿದ್ಯಾರ್ಥಿಗಳು ಖಂಡಿತ ಕೇಳುವ ಮಾತೊಂದಿದೆ. ಎಂಆರ್‌ಎನ್‌ಎ ಕೋವಿಡ್ ಲಸಿಕೆಗಳನ್ನು ಇವೇ ಕಣಗಳಲ್ಲಿ ತುಂಬಿ ತೋಳಿನ ಸ್ನಾಯುವಿಗೇ ಚುಚ್ಚಿದರಲ್ಲವೇ?

ಔಷಧ ಪ್ರಯೋಗಾಲಯದವನು, ಬೆಂಗಳೂರು:

ಒಳ್ಳೆಯ ಆಕ್ಷೇಪ. ಲಸಿಕೆಗೆ ತೋಳಿನ ಒಂದು ಚೂರು ಸ್ನಾಯು ಮತ್ತು ಹತ್ತಿರದ ದುಗ್ಧಗ್ರಂಥಿಗಳು ಸಾಕು, ಏಕೆಂದರೆ ರೋಗನಿರೋಧಕ ವ್ಯವಸ್ಥೆ ಆ ಸುದ್ದಿಯನ್ನು ಮೈಯೆಲ್ಲ ಹರಡುತ್ತದೆ. ನಿಮ್ಮ ಹುಡುಗನಿಗಾದರೋ ಕಾಲು, ವಪೆ, ಹೃದಯ ಎಲ್ಲಕ್ಕೂ ಡಿಸ್ಟ್ರೊಫಿನ್ ಬೇಕು. ಎಷ್ಟು ಕಡೆ ಚುಚ್ಚಲಾದೀತು? ಎಂಆರ್‌ಎನ್‌ಎ ಕೆಲವು ದಿನಗಳಲ್ಲಿ ನಶಿಸುತ್ತದೆ. ಡಿಎನ್‌ಎಯನ್ನೇ ತುಂಬಿದರೆ ಅದು ಕೋಶಕೇಂದ್ರದವರೆಗೂ ಹೋಗಬೇಕು, ದಾರಿಯಲ್ಲಿ ಉರಿಯೂತವನ್ನೂ ಕೆರಳಿಸುತ್ತದೆ. ಕೋಶದೊಳಗೆ ಹೊಕ್ಕ ಸರಕಿನಲ್ಲಿಯೂ ಬಹುಪಾಲು ಎಂಡೋಸೋಮ್ ಎಂಬ ಚೀಲದಲ್ಲಿಯೇ ಸಿಕ್ಕಿಕೊಂಡು ಜೀರ್ಣವಾಗಿಬಿಡುತ್ತದೆ. ವಿಳಾಸವನ್ನು ಬದಲಿಸುವ ಪ್ರಯತ್ನಗಳಿವೆ: 2020ರಲ್ಲಿ ಟೆಕ್ಸಾಸಿನ ತಂಡವೊಂದು ಐದನೆಯ ಲಿಪಿಡ್ ಒಂದನ್ನು ಬೆರೆಸಿ, ಅದರ ವಿದ್ಯುದಾವೇಶಕ್ಕೆ ತಕ್ಕಂತೆ ಇಲಿಗಳಲ್ಲಿ ಕಣಗಳನ್ನು ಶ್ವಾಸಕೋಶಕ್ಕೋ ಗುಲ್ಮಕ್ಕೋ ತಿರುಗಿಸಿತು. ಮೈಯ ಎಲ್ಲ ಸ್ನಾಯುಗಳಿಗೂ ತಿರುಗಿಸುವುದು ಅದಕ್ಕಿಂತ ಬಹಳ ಕಷ್ಟದ ಕೆಲಸ.

ಮಕ್ಕಳ ನರರೋಗ ವೈದ್ಯ, ಹುಬ್ಬಳ್ಳಿ:

ಮೇಡಂ, "ನ್ಯಾನೋ" ಹೆಸರಿನಲ್ಲಿ ಯಾರಾದರೂ ಈಗಲೇ ಗುಣಪಡಿಸುತ್ತೇವೆ ಎಂದು ಹಣ ಕೇಳಿದರೆ ನಂಬಬೇಡಿ. ಹುಡುಗನ ಜೀನ್ ಪರೀಕ್ಷೆಯ ವರದಿಯಲ್ಲಿ ಜೀನಿನ ಯಾವ ತುಂಡುಗಳು, ಅಂದರೆ ಯಾವ ಎಕ್ಸಾನ್‌ಗಳು ಇಲ್ಲವೆಂದು ಬರೆದಿದ್ದಾರೆ ನೋಡಿ. ಮುಂದೆ ಯಾವ ಚಿಕಿತ್ಸೆ ಬಂದರೂ ಮೊದಲು ಕೇಳುವುದು ಅದನ್ನೇ. ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಹೃದಯದ ತಪಾಸಣೆ ತಪ್ಪಬಾರದು ಎಂದು ತಂಗಿಗೆ ಹೇಳಿ.

ಉಪನ್ಯಾಸಕಿ, ಶಿವಮೊಗ್ಗ:

ವರದಿ ತಂಗಿಯ ಮನೆಯಲ್ಲಿದೆ, ಭಾನುವಾರ ಹೋಗಿ ನೋಡುತ್ತೇನೆ. ಎಕ್ಸಾನ್ ಸಂಖ್ಯೆಗಳನ್ನು ಇಲ್ಲಿಯೇ ಬರೆಯುತ್ತೇನೆ.