ಗೃಹಲಕ್ಷ್ಮಿ ದುಡ್ಡಿನಿಂದ ಕಳ್ಳತನ ಕಡಿಮೆ ಆಗುತ್ತದಾ?

ಪೀಣ್ಯ ವಾಸಿ:
ನಮ್ಮ ಏರಿಯಾದಲ್ಲಿ ನಾಲ್ಕು ಜನ ಸೇರಿದರೆ ಇದೇ ವಾದ. ಸುಮ್ನೆ ದುಡ್ಡು ಕೊಟ್ಟರೆ ಗಂಡಸರು ಅದನ್ನೂ ಕಿತ್ತುಕೊಂಡು ಕುಡಿದು ಗಲಾಟೆ ಮಾಡುತ್ತಾರೆ ಅಂತ ಕೆಲವರು, ಮನೆಯಲ್ಲಿ ಅಕ್ಕಿ ಬೇಳೆಗೆ ಕಾಸಿದ್ದರೆ ಯಾರು ಕಳ್ಳತನಕ್ಕೆ ಹೋಗುತ್ತಾರೆ ಅಂತ ಉಳಿದವರು. 2023ರ ಆಗಸ್ಟ್‌ನಲ್ಲಿ ಯೋಜನೆ ಶುರುವಾಯಿತು, ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಇಂಥ ಯೋಜನೆಯಿಂದ ಅಪರಾಧ ಏರಿತಾ, ಇಳಿಯಿತಾ ಅಂತ ಎಲ್ಲಾದರೂ ಅಳೆದು ನೋಡಿದ್ದಾರಾ?

ಮಲ್ಲೇಶ್ವರಂ 8ನೇ ಕ್ರಾಸ್:
ಅಮೆರಿಕದಲ್ಲಿ ನೋಡಿದ್ದಾರೆ. ಅಲಾಸ್ಕಾದಲ್ಲಿ ತೈಲದ ಆದಾಯದ ನಿಧಿಯಿಂದ ಜನರಿಗೆಲ್ಲ ವರ್ಷಕ್ಕೊಮ್ಮೆ ದುಡ್ಡು ಹಂಚುತ್ತಾರೆ. ಹಂಚಿದ ಮರುದಿನ ಕುಡಿತ, ಡ್ರಗ್ಸ್ ಪ್ರಕರಣ ಶೇ 14 ಏರಿತು. ಕಳ್ಳತನದಂಥವು ಶೇ 8 ಇಳಿದವು. ಹೊಡೆದಾಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ವರ್ಷದ ದುಡ್ಡು ಒಂದೇ ಸಲ ಗಂಡಸರು ಹೆಂಗಸರು ಎಲ್ಲರ ಕೈಗೂ ಬರುತ್ತದೆ, ಇಲ್ಲಿ ತಿಂಗಳಿಗೆ ಸ್ವಲ್ಪ, ಅದೂ ಹೆಂಗಸರ ಖಾತೆಗೆ. ಹಾಗಾಗಿ ಆ ಕುಡಿತದ ಲೆಕ್ಕ ತಂದು ಇಲ್ಲಿ ಹಚ್ಚಬೇಡಿ.

ಕೆಂಗೇರಿ ಅಕ್ಕ:
ಎಷ್ಟು ಕೊಟ್ಟರು ಅನ್ನುವಷ್ಟೇ ಯಾವಾಗ ಕೊಟ್ಟರು ಅನ್ನುವುದೂ ಮುಖ್ಯ ಅಲ್ವಾ? ಅಮೆರಿಕದ 12 ನಗರಗಳ ಅಧ್ಯಯನ ಒಂದಿದೆ. ಎಲ್ಲರಿಗೂ ತಿಂಗಳ ಶುರುವಿನಲ್ಲೇ ಸಹಾಯಧನ ಕೊಡುವ ಊರುಗಳಲ್ಲಿ ದಿನ ಕಳೆದಂತೆ ದುಡ್ಡಿಗಾಗಿ ಮಾಡುವ ಅಪರಾಧ ಏರುತ್ತಿತ್ತು. ಬೇರೆ ಬೇರೆ ದಿನ ಹಂಚುವ ಕಡೆ ಹಾಗಾಗಲಿಲ್ಲ. ಇಲ್ಲಿ ಕಂತು ತಡವಾಯಿತು ಅನ್ನುವ ಸುದ್ದಿ ಪದೇ ಪದೇ ಬರುತ್ತದೆ, ನನಗೆ ಅದೇ ಚಿಂತೆ. ಬಾಡಿಗೆ, ಚೀಟಿ ಕಂತು, ಮಕ್ಕಳ ಫೀಸು ಯಾವುದೂ ಕಾಯುವುದಿಲ್ಲ.

ಮಲ್ಲೇಶ್ವರಂ 8ನೇ ಕ್ರಾಸ್:
ಅಕ್ಕ ಹೇಳಿದ್ದು ಸರಿ. ನಿಲ್ಲಿಸಿದರೆ ಇನ್ನೂ ಕಷ್ಟ. ಅದೇ ದೇಶದಲ್ಲಿ ಅಂಗವೈಕಲ್ಯದ ಸಹಾಯಧನ ಪಡೆಯುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ 18 ತುಂಬಿದಾಗ ಅದನ್ನು ಕಿತ್ತರು. ಮುಂದಿನ ಎರಡು ದಶಕ ಅವರ ಮೇಲಿನ ಕ್ರಿಮಿನಲ್ ಕೇಸು ಸುಮಾರು ಶೇ 20 ಜಾಸ್ತಿ, ಅದರಲ್ಲೂ ಕಳ್ಳತನ, ವಂಚನೆಯಂಥ ದುಡ್ಡಿನ ಅಪರಾಧದ ಕೇಸು ಶೇ 60 ಜಾಸ್ತಿ. ಉಳಿಸಿದ ದುಡ್ಡು ಹೆಚ್ಚುಕಮ್ಮಿ ಪೊಲೀಸು, ಕೋರ್ಟು, ಜೈಲಿಗೇ ಹೋಯಿತು.

ಪೀಣ್ಯ ವಾಸಿ:
ಹಾಗಾದರೆ ಬೆಂಗಳೂರಲ್ಲಿ ಹೇಗೆ ಅಳೆಯೋದು?

ಕೆಂಗೇರಿ ಅಕ್ಕ:
2023ರ ಹಿಂದಿನ ವರ್ಷ, ಮುಂದಿನ ವರ್ಷ ಅಂತ ಹೋಲಿಸಿದರೆ ಏನೂ ಸಿಗುವುದಿಲ್ಲ. ಇಡೀ ರಾಜ್ಯಕ್ಕೆ ಒಟ್ಟಿಗೆ ಬಂತು, ಅದೇ ವರ್ಷ ಹೆಂಗಸರಿಗೆ ಬಸ್ ಉಚಿತವಾಯಿತು, ಅಕ್ಕಿ ಬದಲು ದುಡ್ಡೂ ಬಂತು. ಸೈಬರ್ ವಂಚನೆ ಸೇರಿಸಿದರಂತೂ ಲೆಕ್ಕವೇ ಕೆಡುತ್ತದೆ, ಅದನ್ನು ಮಾಡುವವರು ಎಲ್ಲೋ ಕೂತಿರುತ್ತಾರೆ. ಕಂತು ಜಮೆ ಆದ ದಿನಾಂಕ ಒಂದು ಕಡೆ, ಠಾಣೆವಾರು ಸರಗಳ್ಳತನ, ಮನೆಗಳ್ಳತನ, ಬೈಕ್ ಕಳವಿನ ಎಫ್‌ಐಆರ್ ದಿನಾಂಕ ಇನ್ನೊಂದು ಕಡೆ ಇಟ್ಟು ವಾರವಾರ ನೋಡಬೇಕು. ಎರಡೂ ಸರ್ಕಾರದ ಹತ್ತಿರವೇ ಇವೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ, ಯಾರು ಜೊತೆಗೆ ಬರುತ್ತೀರಿ?