ಮಳೆಗಾಲಕ್ಕೆ ಮೊದಲು ಆರ್15ಗೆ ಮನೆಯಲ್ಲೇ ಏನೇನು ಮಾಡಿಕೊಳ್ಳಬಹುದು?

ಕೇಳಿದವರು, ಬದಿಯಡ್ಕ: ಬೈಕ್ ಯಮಹಾ ಆರ್15 ವಿ3. ದಿನಾ ಚೆರ್ಕಳ ದಾಟಿ ವಿದ್ಯಾನಗರಕ್ಕೆ ಓಡಾಟ. ಜೂನ್ ಮಳೆ ಹಿಡಿಯುವ ಮೊದಲು ಮೂರು ಕೆಲಸ ಮನೆಯಲ್ಲೇ ಮುಗಿಸಬೇಕೆಂದಿದೆ: ಫೋನ್ ಚಾರ್ಜರ್, ಮುಂದಿನ ಮಡ್‌ಗಾರ್ಡಿಗೆ ಕೆಸರು ತಡೆ, ಹ್ಯಾಂಡಲ್ ಸ್ವಲ್ಪ ಎತ್ತರ. ಫಾಗ್ ಲೈಟ್ ಕೂಡ ಹಾಕಬಹುದಾ? ಗೊತ್ತಿರುವವರು ಅಳತೆ ಸಮೇತ ಹೇಳಿ ಮಾರಾಯ್ರೇ.

ಕುಂಬಳೆಯಿಂದ: ಚಾರ್ಜರಿನಿಂದಲೇ ಶುರು ಮಾಡುವ, ಹೆಚ್ಚಿನವರು ತಪ್ಪುವುದು ಅಲ್ಲೇ. ಬ್ಯಾಟರಿಗೆ ನೇರ ಕೊಟ್ಟರೆ ಬೈಕ್ ನಿಂತಾಗಲೂ ಚಾರ್ಜರ್ ಕರೆಂಟ್ ಎಳೆಯುತ್ತಲೇ ಇರುತ್ತದೆ. ಅದರ ಪುಟ್ಟ ನೀಲಿ ದೀಪ ಮತ್ತು ಒಳಗಿನ ಸರ್ಕ್ಯೂಟ್ ಸೇರಿ 20 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಹೋಯಿತು. 4 ಆಂಪಿಯರ್-ಅವರ್ ಬ್ಯಾಟರಿಯಾದರೆ ಎಂಟೇ ದಿನಕ್ಕೆ ಖಾಲಿ. ಸೆಲ್ಫ್ ಎಳೆಯದಿರುವುದು ಅದಕ್ಕೂ ಮೊದಲೇ.

ಹಾಗಾಗಿ ಕೀ ಹಾಕಿದಾಗ ಮಾತ್ರ ಚಾರ್ಜರಿಗೆ ಕರೆಂಟ್ ಬರಬೇಕು. ಅದಕ್ಕೆ ಬೇಕಾಗುವುದು: 12 ವೋಲ್ಟಿನ ನಾಲ್ಕು ಪಿನ್ ರಿಲೇ (ಸಣ್ಣ ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಸ್ವಿಚ್), ನೀರು ಹೋಗದ ಫ್ಯೂಸ್ ಹೋಲ್ಡರ್, 3 ಆಂಪಿಯರ್ ಫ್ಯೂಸ್, 1 ಚದರ ಮಿ.ಮೀ. ವಯರ್ ಮೂರು ಮೀಟರ್, ಮುಚ್ಚಳವಿರುವ ಯುಎಸ್‌ಬಿ ಸಾಕೆಟ್. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್, ಅಲ್ಲಿಂದ ರಿಲೇಯ 30 ನಂಬರ್ ಪಿನ್ನಿಗೆ. 87ರಿಂದ ಸಾಕೆಟ್ಟಿನ ಪ್ಲಸ್‌ಗೆ. 85 ಮತ್ತು ಸಾಕೆಟ್ಟಿನ ಮೈನಸ್ ಎರಡೂ ಬ್ಯಾಟರಿ ಮೈನಸ್‌ಗೆ. 86ಕ್ಕೆ ಟೇಲ್ ಲೈಟಿನ ಪ್ಲಸ್ ವಯರಿನಿಂದ ಒಂದು ಕವಲು. ಆ ವಯರ್ ಯಾವುದೆಂದು ಬಣ್ಣ ನೋಡಿ ಊಹಿಸಬೇಡಿ. ಮಲ್ಟಿಮೀಟರ್ ಇಟ್ಟು ನೋಡಿ: ಕೀ ಹಾಕಿದಾಗ 12 ವೋಲ್ಟ್, ತೆಗೆದಾಗ ಸೊನ್ನೆ, ಬ್ರೇಕ್ ಒತ್ತಿದರೂ ಬಿಟ್ಟರೂ ವ್ಯತ್ಯಾಸ ಇರಬಾರದು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಲಿ. ದೂರವಿದ್ದರೆ ನಡುವಿನ ವಯರ್ ಉಜ್ಜಿ ಬಾಡಿಗೆ ತಾಗಿದಾಗ ಫ್ಯೂಸ್ ಹಾರುವುದಿಲ್ಲ, ವಯರೇ ಉರಿಯುತ್ತದೆ.

ಕೇಳಿದವರು: ಒಂದು ಫೋನ್ ಚಾರ್ಜರಿಗೆ ರಿಲೇ ಬೇಕೇ ಬೇಕಾ? ಟೇಲ್ ಲೈಟ್ ವಯರಿಗೇ ಜೋಡಿಸಿದರೆ ಆಗದಾ?

ಕುಂಬಳೆಯಿಂದ: ನಡೆಯುತ್ತದೆ, ಆದರೆ ಬೇಡ. 15 ವಾಟಿನ ಚಾರ್ಜರ್ 12 ವೋಲ್ಟಿನ ಕಡೆಯಿಂದ ಎಳೆಯುವುದು ಒಂದೂವರೆ ಆಂಪಿಯರ್ ಆಸುಪಾಸು, ವಯರ್ ತಡೆಯಬಹುದು. ತೊಂದರೆ ಇರುವುದು ಸಾಕೆಟ್ಟಿಗೆ ನೀರು ಹೋಗಿ ಶಾರ್ಟ್ ಆದಾಗ. ಟೇಲ್ ಲೈಟಿನ ಫ್ಯೂಸೇ ಹಾರುತ್ತದೆ, ಮಳೆ ಕತ್ತಲಲ್ಲಿ ಹಿಂದಿನ ಲಾರಿಗೆ ನೀವು ಕಾಣುವುದಿಲ್ಲ. ರಿಲೇ ಇದ್ದರೆ ಹಾರುವುದು ಚಾರ್ಜರಿನ ಫ್ಯೂಸ್ ಮಾತ್ರ.

ಉಪ್ಪಳದಿಂದ: ಮೇಲಿನದ್ದೆಲ್ಲ ಸರಿ, ಜಾಯಿಂಟ್ ವಿಷಯ ಸೇರಿಸುತ್ತೇನೆ. ಕರಾವಳಿಯ ಉಪ್ಪು ಗಾಳಿಗೆ ಕಪ್ಪು ಟೇಪು ಒಂದು ಮಳೆಗಾಲ ಬಾಳುವುದಿಲ್ಲ. ಬಿಚ್ಚಿ ನೋಡಿದರೆ ಗೋಂದು ಕರಗಿ ಡಾಂಬರಿನ ಹಾಗೆ ಬೆರಳಿಗೆ ಅಂಟುತ್ತದೆ, ಒಳಗೆ ತಾಮ್ರ ಹಸಿರುಗಟ್ಟಿ ಮುಟ್ಟಿದರೆ ಪುಡಿ. ಒಳಗೆ ಗೋಂದು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ವಯರನ್ನು ಬಿಗಿಯುವ ಕೊಳವೆ) ಹಾಕಿ, ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಗೋಂದು ಸ್ವಲ್ಪ ಹೊರಗೆ ಬರಬೇಕು. ಸೋಲ್ಡರಿಗಿಂತ ಕ್ರಿಂಪ್, ಅಂದರೆ ಲೋಹದ ಟರ್ಮಿನಲನ್ನು ಇಕ್ಕಳದಲ್ಲಿ ಒತ್ತಿ ಕೂರಿಸುವುದು, ಒಳ್ಳೆಯದು. ಸೋಲ್ಡರ್ ವಯರಿನ ಎಳೆಗಳೊಳಗೆ ಹರಿದು ಅಷ್ಟುದ್ದ ಗಟ್ಟಿ ಕಡ್ಡಿಯಾಗುತ್ತದೆ, ಇಂಜಿನ್ ನಡುಕಕ್ಕೆ ಆ ಕಡ್ಡಿ ಮುಗಿಯುವಲ್ಲೇ ತುಂಡಾಗುತ್ತದೆ.

ರಿಲೇಯ ಪಿನ್‌ಗಳು ಕೆಳಮುಖವಾಗಿರಲಿ. ಸಾಕೆಟ್ಟಿಗೆ ಹೋಗುವ ವಯರ್ ಒಮ್ಮೆ ಕೆಳಗಿಳಿದು ಮತ್ತೆ ಮೇಲೇರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇನ್ನೊಂದು: ಫೋನನ್ನು ಹ್ಯಾಂಡಲಿಗೆ ಕಟ್ಟುವುದಾದರೆ ರಬ್ಬರ್ ಡ್ಯಾಂಪರ್ ಇರುವ ಹೋಲ್ಡರೇ ಬೇಕು. ಬೈಕಿನ ನಡುಕ ಕ್ಯಾಮೆರಾ ಕೆಡಿಸಬಹುದು ಎಂದು 2021ರಲ್ಲಿ ಆಪಲ್ ಕಂಪನಿಯೇ ಐಫೋನ್ ಬಳಸುವವರಿಗೆ ಎಚ್ಚರಿಕೆ ಕೊಟ್ಟಿದೆ.

ಮುಳ್ಳೇರಿಯದಿಂದ: ಕೆಸರು ತಡೆಗೆ 110 ಮಿ.ಮೀ. ಪಿವಿಸಿ ಪೈಪಿನ ತುಂಡು ಸಾಕು. 12 ಸೆಂ.ಮೀ. ಉದ್ದ ಕತ್ತರಿಸಿ, ಉದ್ದಕ್ಕೆ ಸೀಳಿ ಅರ್ಧ ತೆಗೆದುಕೊಳ್ಳಿ. ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಯುವ ನೀರಿಗೆ ಹಾಕಿದರೆ ಎರಡು ಮೂರು ನಿಮಿಷದಲ್ಲಿ ಚಕ್ಕುಲಿ ಹಿಟ್ಟಿನ ಹಾಗೆ ಬಾಗುತ್ತದೆ. ದಪ್ಪ ಗ್ಲೌಸ್ ಹಾಕಿ ಮಡ್‌ಗಾರ್ಡಿನ ಹಿಂದಿನ ತುದಿಗೆ ಒತ್ತಿ ಹಿಡಿದು ತಣ್ಣೀರು ಹೊಯ್ಯಿರಿ, ಅದೇ ಆಕಾರ ನಿಲ್ಲುತ್ತದೆ. ಬೆಂಕಿಗೆ ನೇರ ಹಿಡಿಯಬೇಡಿ, ಪಿವಿಸಿ ಸುಟ್ಟ ಹೊಗೆ ಎದೆಗೆ ಕೆಟ್ಟದು.

4 ಸೆಂ.ಮೀ. ಮಡ್‌ಗಾರ್ಡಿನ ಮೇಲೆ ಕೂರಲಿ, 8 ಸೆಂ.ಮೀ. ಕೆಳಗೆ ಇಳಿಯಲಿ. ಕೂರುವ ಜಾಗವನ್ನು 120 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಒರೆಸಿ, ಎರಡು ಬದಿ ಅಂಟುವ ಫೋಮ್ ಟೇಪು ಹಾಕಿ, ಅದಲ್ಲದೆ ಎರಡು ಎಂ4 (4 ಮಿ.ಮೀ. ದಪ್ಪದ) ಬೋಲ್ಟ್ ಅಗಲ ವಾಷರಿನ ಜೊತೆ. ಬೋಲ್ಟಿನ ಚಪ್ಪಟೆ ತಲೆ ಟಯರಿನ ಕಡೆ, ನಟ್ ಹೊರಗೆ. ತೂತು ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗಿರಬೇಕು, ಹತ್ತಿರವಾದರೆ ಬಿರುಕು ಅಲ್ಲಿಂದಲೇ ಶುರು. ಟಯರಿಗೂ ಇದಕ್ಕೂ 20 ಮಿ.ಮೀ. ಸಂದು ಬಿಡಿ. ಸಂದು ಸಣ್ಣದಾದರೆ ನಮ್ಮ ಕೆಂಪು ಮಣ್ಣು ಒಳಗೆ ಗಟ್ಟಿಯಾಗಿ ಕೂತು ಟಯರನ್ನು ಉಜ್ಜುತ್ತದೆ.

ಪೆರ್ಲದಿಂದ: ಪಿವಿಸಿ ಬಗ್ಗೆ ನನ್ನ ತಕರಾರಿದೆ. ಮುಂದಿನ ಬ್ರೇಕ್ ಜೋರಾಗಿ ಹಿಡಿದಾಗ ಫೋರ್ಕ್ (ಮುಂದಿನ ಶಾಕ್) ಕುಗ್ಗಿ ಚಕ್ರದ ಜೊತೆ ಮಡ್‌ಗಾರ್ಡ್ ಮೇಲೆ, ಹಿಂದೆ ಸರಿಯುತ್ತದೆ. ಅಲ್ಲಿರುವುದು ಸೈಲೆನ್ಸರಿನ ಬೆಂಡ್ ಪೈಪ್ ಮತ್ತು ರೇಡಿಯೇಟರ್. ಬಿಸಿ ನೀರಿಗೇ ಬಾಗುವ ಪಿವಿಸಿ ಆ ಪೈಪಿಗೆ ತಾಗಿದರೆ ಕರಗಿ ಅಂಟುತ್ತದೆ, ರೇಡಿಯೇಟರಿಗೆ ತಾಗಿದರೆ ಅದರ ತೆಳು ತಗಡಿನ ಫಿನ್ ಮಡಚುತ್ತದೆ. ಕೆಳಗಿಳಿಯುವ ಭಾಗಕ್ಕೆ 3 ಮಿ.ಮೀ. ರಬ್ಬರ್ ಶೀಟ್ ಹಾಕಿ, ತಾಗಿದರೂ ಮಡಚಿ ಮತ್ತೆ ಮೊದಲಿನ ಹಾಗೆ ಆಗುತ್ತದೆ. ಯಾವುದೇ ಹಾಕಿ, ಹ್ಯಾಂಡಲನ್ನು ಬೆಲ್ಟಿನಲ್ಲಿ ಕೆಳಗೆ ಎಳೆದು ಕಟ್ಟಿ, ಫೋರ್ಕ್ ಆದಷ್ಟು ಕುಗ್ಗಿಸಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡದೆ ರಸ್ತೆಗೆ ಇಳಿಸಬೇಡಿ.

ಮುಳ್ಳೇರಿಯದಿಂದ: ಒಪ್ಪಿದೆ. ಮೇಲೆ ಪಿವಿಸಿ, ಇಳಿಯುವ 8 ಸೆಂ.ಮೀ. ರಬ್ಬರ್. ಅದೇ ಸರಿಯಾದ ಜೋಡಿ.

ನೀರ್ಚಾಲಿನಿಂದ: ಹ್ಯಾಂಡಲ್ ಎತ್ತರಿಸಲು ಅದರ ಕೆಳಗೆ ಕೂರಿಸುವ ತುಂಡಿಗೆ ರೈಸರ್ ಎನ್ನುತ್ತಾರೆ. ಅದರಿಂದ 20 ಮಿ.ಮೀ.ಗಿಂತ ಹೆಚ್ಚು ಎತ್ತಬೇಡಿ. ಅದಕ್ಕಿಂತ ಮೇಲೆ ಹೋದರೆ ಬ್ರೇಕ್ ಹೋಸ್ ಮತ್ತು ಕೇಬಲ್‌ಗಳ ಉದ್ದ ಸಾಲದಿರಬಹುದು. ಕೂರಿಸಿದ ಮೇಲೆ ಪರೀಕ್ಷೆ ಹೀಗೆ: ಬೈಕ್ ಸ್ಟಾಂಡಿನಲ್ಲಿರಲಿ, ನ್ಯೂಟ್ರಲ್, ಇಂಜಿನ್ ಆನ್. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಹಾಗೇ ಬಿಟ್ಟರೆ ಯೂ ಟರ್ನ್ ತೆಗೆಯುವಾಗ ಬೈಕ್ ಮುಂದೆ ಹಾರುತ್ತದೆ. ಬ್ರೇಕ್ ಹೋಸ್ ಬಿಗಿಯಾಗುತ್ತಿದ್ದರೂ ರೈಸರ್ ತೆಗೆದುಬಿಡಿ, ಇದರಲ್ಲಿ ರಾಜಿ ಬೇಡವೇ ಬೇಡ. ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಬೀಳುತ್ತದಾ ನೋಡಿ. ಹ್ಯಾಂಡಲ್ ಹಿಡಿಯುವ ಕ್ಲಾಂಪ್ ಬೋಲ್ಟುಗಳನ್ನು ಟಾರ್ಕ್ ಸ್ಪಾನರಿನಲ್ಲೇ (ಎಷ್ಟು ಬಿಗಿ ಎಂದು ಅಳೆಯುವ ಸ್ಪಾನರ್), ಸರ್ವಿಸ್ ಪುಸ್ತಕದ ಲೆಕ್ಕಕ್ಕೆ ಬಿಗಿಯಿರಿ. ಅಲ್ಯುಮಿನಿಯಂ ಕ್ಲಾಂಪಿನ ಥ್ರೆಡ್ ಹೋದರೆ ಆ ಭಾಗವನ್ನೇ ಬದಲಿಸಬೇಕು.

ಮಂಜೇಶ್ವರದಿಂದ: ಫಾಗ್ ಲೈಟ್ ಈ ಪಟ್ಟಿಯಿಂದ ಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನುಮತಿಯಿಲ್ಲದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹ್ಯಾಂಡಲ್ ರೈಸರ್ ವಿಷಯವನ್ನೂ ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಸೀರೆ ಗಾರ್ಡ್ ಮತ್ತು ಕನ್ನಡಿ ಚಂದ ಕಾಣುವುದಿಲ್ಲವೆಂದು ಬಿಚ್ಚುವವರಿದ್ದಾರೆ, ಅದೂ ನಿಯಮಕ್ಕೆ ವಿರುದ್ಧ. ರಾತ್ರಿ ಬೆಳಕು ಸಾಲದಿದ್ದರೆ ಮೊದಲು ಹೆಡ್‌ಲೈಟ್ ಗಾಜು ತೊಳೆದು, ಗೋಡೆಯ ಮುಂದೆ ನಿಲ್ಲಿಸಿ ಬೀಮ್ ಎತ್ತರ ಸರಿಪಡಿಸಿ. ಹೆಲ್ಮೆಟ್ಟಿನ ವೈಸರ್ ಒರೆಸುವಾಗ ಕಿಟಕಿ ಗಾಜಿನ ಕ್ಲೀನರ್ ಮತ್ತು ಪೆಟ್ರೋಲ್ ಎರಡೂ ಬೇಡ, ಪ್ಲಾಸ್ಟಿಕ್ ಮೇಲೆ ಕೂದಲೆಳೆಯ ಬಿರುಕು ಬಂದು ಎದುರಿನ ಲೈಟು ಚದುರುತ್ತದೆ. ಸೋಪು ನೀರು ಸಾಕು.

ಕುಂಬಳೆಯಿಂದ: ಎಲ್ಲ ಮುಗಿದ ಮೇಲೆ ಹೊಸದಾಗಿ ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. 100 ಕಿ.ಮೀ. ಓಡಿಸಿ ನೋಡಿ. ಗೆರೆ ತುಂಡಾಗಿ ಸರಿದಿದ್ದರೆ ಆ ಬೋಲ್ಟ್ ಸಡಿಲವಾಗಿದೆ. ಬಿಚ್ಚಿ, ಒರೆಸಿ, ನೀಲಿ ಥ್ರೆಡ್‌ಲಾಕ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಮತ್ತೆ ಬಿಗಿಯಿರಿ. ಪ್ಲಾಸ್ಟಿಕ್ ಭಾಗದ ಬೋಲ್ಟಿಗೆ ಮಾತ್ರ ಥ್ರೆಡ್‌ಲಾಕ್ ಬೇಡ, ಪ್ಲಾಸ್ಟಿಕ್ ಒಡೆಯುತ್ತದೆ. ಅಲ್ಲಿಗೆ ಒಳಗೆ ನೈಲಾನ್ ಬಳೆ ಇರುವ ನಟ್.