ಕರೆಂಟು ಹೋದಾಗ ಲ್ಯಾಪ್‌ಟಾಪಿಗೆ ಮಾತ್ರ ವೈಫೈ ಕೈಕೊಡುವುದೇಕೆ?

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಮಳೆಗಾಲ ಹಿಡಿಯಿತೆಂದರೆ ನಮ್ಮಲ್ಲಿ ಕರೆಂಟು ದಿನಕ್ಕೆ ಹಲವು ಸಲ ಹೋಗಿ ಬರುತ್ತದೆ; ಅದಕ್ಕೆಂದೇ ಫೈಬರ್ ಮೋಡೆಮ್ಮಿಗೂ ರೂಟರಿಗೂ ಇನ್ವರ್ಟರಿನಿಂದ ಲೈನ್ ಎಳೆಸಿದ್ದೇವೆ. ಆದರೂ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ನನ್ನ ವಿಂಡೋಸ್ 10 ಲ್ಯಾಪ್‌ಟಾಪಿನಲ್ಲಿ ವೈಫೈ ತಡವರಿಸತೊಡಗುತ್ತದೆ, ವೀಡಿಯೊ ಸಭೆಯಲ್ಲಿ ಎದುರಿನವರ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ. ಕರೆಂಟು ಬಂದರೆ ತಾನಾಗಿ ಸರಿಹೋಗುತ್ತದೆ. ರೂಟರ್ ಆರಿಸಿ ಹಾಕಿದ್ದಾಯಿತು, ಪಾಸ್‌ವರ್ಡ್ ಮತ್ತೆ ಕೊಟ್ಟದ್ದೂ ಆಯಿತು. ದೋಷವನ್ನು ಎಲ್ಲಿ ಹುಡುಕಬೇಕು?

ಉತ್ತರ 1 (ಹಾಸನದಿಂದ)

ಲ್ಯಾಪ್‌ಟಾಪಿನಿಂದ ರೂಟರಿನವರೆಗಿನ ವೈಫೈ ಬೇರೆ, ರೂಟರಿನಿಂದಾಚೆಯ ಫೈಬರ್ ಬೇರೆ. ಕೆಟ್ಟಿರುವುದು ಯಾವುದೆಂದು ತಿಳಿಯದೆ ಪಾಸ್‌ವರ್ಡ್ ಬದಲಿಸುತ್ತ ಕುಳಿತರೆ ಫಲವಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ರೂಟರಿನ ವಿಳಾಸಕ್ಕೆ, ಅದು ಅನೇಕ ರೂಟರುಗಳಲ್ಲಿ 192.168.1.1 ಆಗಿರುತ್ತದೆ, ಬಿಡದೆ ಪಿಂಗ್ ಮಾಡಿ, ಎಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆಂದು ನೋಡಿ. ಆ ಉತ್ತರವೇ ತಡವಾದರೆ ಫೈಬರಿನದು ತಪ್ಪಲ್ಲ. ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ರೂಟರ್ ಆರಿ ಹೊತ್ತಿಕೊಳ್ಳುತ್ತಿದೆಯೇ ಎಂಬುದನ್ನೂ ಗಮನಿಸಿ. ಹಾಗಾಗುತ್ತಿದ್ದರೆ ಮೊಬೈಲಿನಲ್ಲಿಯೂ ವೈಫೈ ಹೋಗಬೇಕು.

ಪ್ರಶ್ನೆ ಕೇಳಿದವರು

ರೂಟರಿನ ದೀಪಗಳು ಆರುವುದಿಲ್ಲ, ಪಕ್ಕದಲ್ಲಿಟ್ಟ ಮೊಬೈಲಿಗೂ ತೊಂದರೆಯಿಲ್ಲ. ಪಿಂಗ್ ಉತ್ತರ ಮಾತ್ರ ಮೊದಲು 3 ಮಿಲಿಸೆಕೆಂಡಿಗೆ ಬರುತ್ತಿದ್ದದ್ದು ಕರೆಂಟು ಹೋದ ಮೇಲೆ 300 ದಾಟಿತು, ನಡುನಡುವೆ ಬರಲೇ ಇಲ್ಲ.

ಉತ್ತರ 2 (ಚಿಕ್ಕಮಗಳೂರಿನಿಂದ)

ತಮ್ಮ ಚಾರ್ಜರ್ ಹಾಕುವ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಇರಲಾರದೆಂದು ನನ್ನ ಊಹೆ. ಕರೆಂಟು ಹೋದೊಡನೆ ಲ್ಯಾಪ್‌ಟಾಪು ಬ್ಯಾಟರಿಗೆ ಹೊರಳುತ್ತದೆ, ಚಾರ್ಜ್ ಉಳಿಸಲೆಂದು ವೈಫೈ ಕಾರ್ಡು ಆಗಾಗ ತೂಕಡಿಸತೊಡಗುತ್ತದೆ. ರೂಟರ್ ಸೆಕೆಂಡಿಗೆ ಸುಮಾರು 10 ಸಲ ಒಂದು ಸಂಕೇತವನ್ನು ಬಿತ್ತರಿಸಿ, ಮಲಗಿರುವ ಕಾರ್ಡಿಗೆಂದು ಬಂದ ಮಾಹಿತಿಯನ್ನು ಕಾರ್ಡು ಎದ್ದು ಅದನ್ನು ಕೇಳುವವರೆಗೆ ಹಿಡಿದಿಟ್ಟುಕೊಂಡಿರುತ್ತದೆ. ಕಾರ್ಡು ಆ ಸಂಕೇತವನ್ನು ತಪ್ಪಿಸಿಕೊಂಡರೆ ತಾವು ಕಂಡ ವಿಳಂಬವೇ ಆಗುತ್ತದೆ. ಕರೆಂಟು ಹೋಗುವುದನ್ನು ಕಾಯಬೇಕಿಲ್ಲ, ಚಾರ್ಜರ್ ಕಿತ್ತು ಪರೀಕ್ಷಿಸಬಹುದು. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು, ವೈರ್‌ಲೆಸ್ ಅಡಾಪ್ಟರಿನ ಕೆಳಗೆ ‘ಆನ್ ಬ್ಯಾಟರಿ’ ಎಂಬಲ್ಲಿ ‘ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ ಆರಿಸಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ. ಆಗ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟವಿದ್ದರೆ, ವಿದ್ಯುತ್ ಉಳಿಸಲು ಕಾರ್ಡನ್ನು ಆರಿಸಬಹುದೆಂಬ ಅನುಮತಿಯ ಗುರುತನ್ನು ತೆಗೆಯಿರಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಅಷ್ಟೇ.

ಪ್ರಶ್ನೆ ಕೇಳಿದವರು

ಊಹೆ ನಿಜ, ಇನ್ವರ್ಟರ್ ಲೈನ್ ಇರುವುದು ದೀಪ, ಫ್ಯಾನು ಮತ್ತು ರೂಟರಿಗೆ ಮಾತ್ರ. ಚಾರ್ಜರ್ ಕಿತ್ತು ನೋಡಿದಾಗ ಪಿಂಗ್ ಹಾಗೆಯೇ ಏರಿತು. ಆಯ್ಕೆ ಬದಲಿಸಿದ ಮೇಲೆ 5 ಮಿಲಿಸೆಕೆಂಡಿನೊಳಗೆ ನಿಂತಿದೆ. ಹಿಂದಿನ ಕೋಣೆಯಲ್ಲಿ ಮಾತ್ರ ಇನ್ನೂ ನಿಧಾನವಿತ್ತು. ಮಧ್ಯೆ ಒಂದೂವರೆ ಅಡಿ ದಪ್ಪದ ಹಳೆಯ ಮಣ್ಣಿನ ಗೋಡೆಯಿದೆ, ರೂಟರಿನ 5 ಗಿಗಾಹರ್ಟ್ಸ್ ವೈಫೈ ತರಂಗ ಅದನ್ನು ದಾಟುತ್ತಿರಲಿಲ್ಲ, 2.4 ಗಿಗಾಹರ್ಟ್ಸ್ ತರಂಗಕ್ಕೆ ಬದಲಿಸಿಕೊಂಡು ಈಗ ಅಲ್ಲಿಂದಲೇ ಬರೆಯುತ್ತಿದ್ದೇನೆ. ಇಬ್ಬರಿಗೂ ಧನ್ಯವಾದಗಳು.